ಚಿರತೆಗೆ ನಾಲ್ಕು ಕಾಲಂ, ಕೊಂಡುಕುರಿಗೆ ನಾಲ್ಕು ಸಾಲು

ಜಗಳೂರು ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಹೋಟೆಲ್. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದೆ. ಪಕ್ಕದ ಬೆಂಚಿನ ಹುಡುಗ ಮೊಬೈಲನ್ನು ನನ್ನ ಮುಖಕ್ಕೇ ಹಿಡಿದ. "ನೋಡ್ರಿ ಸರ, ನಮ್ಮ ಗುಡ್ಡಕ್ಕೆ ಚಿರತೆ ಬಂದೈತಿ." ರಾತ್ರಿ ಹೊತ್ತು, ಡಾಂಬರು ರಸ್ತೆ, ಕಾರಿನ ಲೈಟು. ಚಿರತೆಯೊಂದು ಆರಾಮಾಗಿ ರಸ್ತೆ ದಾಟುತ್ತದೆ. ವಿಡಿಯೊ ಮುಗಿಯುವ ಮುಂಚೆ ಪಕ್ಕದ ಕಿಲೋಮೀಟರ್ ಕಲ್ಲು ಒಂದು ಕ್ಷಣ ಕಾಣುತ್ತದೆ. ಅದರ ಮೇಲೆ ಊರ ಹೆಸರು ಮರಾಠಿಯಲ್ಲಿದೆ.

ಇದೇ ವಿಡಿಯೊ ಹೋದ ವರ್ಷ ಹೊಸದುರ್ಗದ ಹೆಸರಲ್ಲಿ ನನ್ನ ಫೋನಿಗೆ ಬಂದಿತ್ತು. ಬಹುಶಃ ನಿಮ್ಮೂರಿನ ಹೆಸರಲ್ಲೂ ಬಂದಿರಬಹುದು.

"ಕೊಂಡುಕುರಿ ನೋಡಿದ್ದೀಯಾ?" ಅಂತ ಹುಡುಗನನ್ನು ಕೇಳಿದೆ. "ಕುರಿನಾ? ನಮ್ಮನ್ಯಾಗೇ ಅರವತ್ತು ಅದಾವಲ್ರಿ" ಅಂದ.

ತಪ್ಪು ಅವನದ್ದಲ್ಲ. ಅವನ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ವನ್ಯಜೀವಿ ಧಾಮ ಇದೆ. 2011ರಲ್ಲಿ ಕೊಂಡುಕುರಿ ಎಂಬ ಚಿಗರೆ ಜಾತಿಯ ಪ್ರಾಣಿಗೆಂದೇ ಘೋಷಣೆಯಾದ ಜಾಗ ಅದು, ಸುಮಾರು 77 ಚದರ ಕಿಲೋಮೀಟರ್. ಕಾಡುಪ್ರಾಣಿಗಳಲ್ಲಿ ತಲೆಯ ಮೇಲೆ ನಾಲ್ಕು ಕೊಂಬು ಇರುವುದು ಇದೊಂದಕ್ಕೇ. ಅದೂ ಗಂಡಿಗೆ ಮಾತ್ರ. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಲಿಗೆ ಯಾವ ರಕ್ಷಣೆ ಇದೆಯೋ ಕಾನೂನಿನ ಅದೇ ಮೊದಲ ಪಟ್ಟಿಯಲ್ಲಿ ಇದೂ ಇದೆ. ಇಷ್ಟೆಲ್ಲ ಇದ್ದೂ ಪಕ್ಕದ ಊರಿನ ಹುಡುಗನಿಗೆ ಗೊತ್ತಿಲ್ಲ ಅಂದರೆ, ಅವನಿಗೆ ಹೇಳಬೇಕಾದವರು ಹೇಳಿಲ್ಲ ಅಂತಲೇ ಅರ್ಥ. ಹೇಳಬೇಕಾದವರಲ್ಲಿ ನಾನೂ ಒಬ್ಬನಾಗಿದ್ದೆ.

ಕೆಲವು ವರ್ಷ ನಾನು ತಾಲ್ಲೂಕು ವರದಿಗಾರನಾಗಿ ಕೆಲಸ ಮಾಡಿದ್ದೆ. ಒಮ್ಮೆ ಧಾಮದ ಅಂಚಿನಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರು ಒಂದು ಹಿಕ್ಕೆಯ ರಾಶಿ ತೋರಿಸಿದರು. ಕಗ್ಗಲಿ ಗಿಡದ ಕೆಳಗೆ, ಮೊರದಷ್ಟು ಅಗಲ. ತಳದಲ್ಲಿದ್ದದ್ದು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ಮೇಲಿದ್ದದ್ದು ಕಪ್ಪಗೆ ಹೊಳೆಯುತ್ತಿತ್ತು. "ನಮ್ಮ ಕುರಿ ಎಲ್ಲೆಂದರಲ್ಲಿ ಹಾಕ್ತಾವೆ. ಇದು ಬಂದು ಬಂದು ಇಲ್ಲೇ ಹಾಕ್ತೈತಿ" ಅಂದರು. ಅವರು ಒಂದು ಕಡ್ಡಿಯಿಂದ ರಾಶಿ ಕೆದಕಿ, ಯಾವುದು ಇವತ್ತಿನದು, ಯಾವುದು ಮೊನ್ನೆಯದು ಅಂತ ಬಿಡಿಸಿ ತೋರಿಸಿದರು. ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ ಅನ್ನುವುದು ವಿಜ್ಞಾನಿಗಳಿಗೂ ಗೊತ್ತಿರುವ ವಿಷಯ. ಹಿಂಡಿನಲ್ಲಿ ಇರದೆ ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ಓಡಾಡುವ ಪ್ರಾಣಿ ಇದು. ಹುಲ್ಲಿನ ಮರೆಯಲ್ಲಿ ಅಲ್ಲಾಡದೆ ನಿಂತುಬಿಟ್ಟರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಹಾಗಾಗಿ ಪ್ರಾಣಿಗಿಂತ ಅದರ ಹಿಕ್ಕೆಯೇ ಜಾಸ್ತಿ ಸುದ್ದಿ ಹೇಳುತ್ತದೆ.

ಆ ರಾಶಿಯ ಮೇಲೆ ಮುನ್ನೂರು ಪದ ಬರೆದು ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು. "ಯಾರಿಗಾದ್ರೂ ಹಾಯ್ದಿದೆಯಾ?" ಇಲ್ಲ ಅಂದೆ. "ಬೆಳೆ ಹಾನಿ?" ಇಲ್ಲ. "ಫೋಟೊ?" ಹಿಕ್ಕೆಯದ್ದು ಇದೆ ಅಂದೆ. ಆ ಕಡೆ ನಗು. ಮೂರನೇ ದಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದರಲ್ಲೂ ಕೊಂಡುಕುರಿ ಹೋಗಿ 'ಕಾಡುಕುರಿ' ಆಗಿತ್ತು. ಅದೇ ವಾರ ಇನ್ನೊಂದು ತಾಲ್ಲೂಕಿನ ಬೋನಿಗೆ ಬಿದ್ದ ಚಿರತೆಗೆ ನಾಲ್ಕು ಕಾಲಂ ಸಿಕ್ಕಿತ್ತು, ಬಣ್ಣದ ಫೋಟೊ ಸಮೇತ.

ಡೆಸ್ಕಿನವರನ್ನು ಬೈಯುವುದು ಸುಲಭ. ಆದರೆ ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಒಳಗಿನಿಂದ ನೋಡಿದವರಿಗೆ ಕಾರಣ ಗೊತ್ತು. ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಕಾಡಿಗೆಂದೇ ವರದಿಗಾರ ಇಲ್ಲ. ತಾಲ್ಲೂಕಿನ ಒಬ್ಬನೇ ಮನುಷ್ಯ ಮಂಡಕ್ಕಿ ಭಟ್ಟಿಯ ಹೊಗೆಯಿಂದ ಹಿಡಿದು ಶಾಸಕರ ಗುದ್ದಲಿ ಪೂಜೆಯವರೆಗೆ ಎಲ್ಲವನ್ನೂ ಬರೆಯಬೇಕು. ಹಬ್ಬ ಬಂದರೆ ಜಾಹೀರಾತು ತರಬೇಕು. ಅವನಿಗೆ ಸಿಗುವ ದುಡ್ಡಿನಲ್ಲಿ ಬೈಕಿನ ಪೆಟ್ರೋಲ್ ಹುಟ್ಟಿದರೆ ಪುಣ್ಯ. ಗುಡ್ಡದಲ್ಲಿ ನಾಲ್ಕು ದಿನ ಕಾಯುವ ಪುರುಸೊತ್ತು ಎಲ್ಲಿಂದ ಬರಬೇಕು? ಹಾಗಾಗಿ ಅರಣ್ಯ ಇಲಾಖೆಯವರು ಫೋನಿನಲ್ಲಿ ಹೇಳಿದ್ದೇ ಸುದ್ದಿ. ಅವರು ಫೋನ್ ಮಾಡುವುದು ಬೋನಿಗೆ ಏನಾದರೂ ಬಿದ್ದಾಗ.

ಇದರ ಪರಿಣಾಮ ಭಾಷೆಯಲ್ಲೇ ಕಾಣುತ್ತದೆ. 'ಪ್ರತ್ಯಕ್ಷ', 'ಆತಂಕ', 'ಕೊನೆಗೂ ಸೆರೆ', 'ನಿಟ್ಟುಸಿರು ಬಿಟ್ಟ ಗ್ರಾಮಸ್ಥರು'. ಚಿರತೆಯ ಸುದ್ದಿ ನಮ್ಮಲ್ಲಿ ಕಳ್ಳತನದ ಕೇಸಿನ ಹಾಗೆ ಬರುತ್ತದೆ. ಆರೋಪಿ ಇದ್ದಾನೆ, ಸಂತ್ರಸ್ತರಿದ್ದಾರೆ, ಬಂಧನವೂ ಆಗುತ್ತದೆ. ಅಲ್ಲಿಗೆ ಫೈಲ್ ಕ್ಲೋಸ್. ಹಿಡಿದ ಚಿರತೆಯನ್ನು ಎಲ್ಲಿ ಬಿಟ್ಟರು, ಆಮೇಲೆ ಅಲ್ಲಿ ಏನಾಯಿತು ಅಂತ ಮುಂದಿನ ವಾರ ಯಾರೂ ಬರೆಯುವುದಿಲ್ಲ.

ಇದು ಸುಮ್ನೆ ಶೈಲಿಯ ಪ್ರಶ್ನೆ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಜುನ್ನರ್ ಸುತ್ತಮುತ್ತ 2000ದ ದಶಕದ ಆರಂಭದಲ್ಲಿ ಚಿರತೆಗಳನ್ನು ಹಿಡಿದು ಹಿಡಿದು ಬೇರೆ ಕಡೆ ಬಿಟ್ಟರು. ದಾಳಿ ಕಡಿಮೆಯಾಗುವ ಬದಲು ಜಾಸ್ತಿ ಆಯಿತು. ಕಾರಣ ಸರಳ. ಒಂದು ಚಿರತೆಯನ್ನು ಎತ್ತಿದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಎತ್ತಿಕೊಂಡು ಹೋದದ್ದು ಗೊತ್ತಿಲ್ಲದ ಊರಲ್ಲಿ ಗಾಬರಿಯಾಗಿ ಓಡಾಡುತ್ತದೆ. ನಮ್ಮಲ್ಲಿ ಪೇಪರಿನಲ್ಲಿ 'ಆತಂಕ' ಬಂದ ಮರುದಿನ ಬೋನು ಬರುತ್ತದೆ. ಬೋನು ಇಟ್ಟ ಅಧಿಕಾರಿಗೂ ಗೊತ್ತು, ಇದರಿಂದ ಕೆಲಸ ಆಗಲ್ಲ ಅಂತ. ಆದರೆ ಬೋನು ಇಡದಿದ್ದರೆ ಅದೇ ಇನ್ನೊಂದು ಸುದ್ದಿ.

ಹಾಗಾದರೆ ಬೇರೆ ಥರ ಬರೆಯುವುದು ಸಾಧ್ಯವೇ ಇಲ್ಲವಾ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಜಗಳೂರಿನಿಂದ ಉತ್ತರಕ್ಕೆ ಹೊರಟು ಕೂಡ್ಲಿಗಿ ದಾಟಿದರೆ ಸಂಡೂರು. ಈಗ ಸಂಡೂರು ಎಂದರೆ ಅದಿರು, ಲಾರಿ, ಕೆಂಪು ಧೂಳು. 1942ರಲ್ಲಿ ಅದು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಆ ವರ್ಷ ಅಲ್ಲಿಗೆ ಕೆಲಸಕ್ಕೆ ಬಂದವರು, ಮುಂದೆ ಕಾಡು-ಪ್ರಾಣಿಗಳ ಅಂಕಣಕಾರರಾಗಿ ಹೆಸರಾದ ಎಂ. ಕೃಷ್ಣನ್. ವಯಸ್ಸು ಮೂವತ್ತು. ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಹುಟ್ಟಿದವರು. ಅಪ್ಪ ಎ. ಮಾಧವಯ್ಯ ತಮಿಳಿನ ದೊಡ್ಡ ಲೇಖಕರು. ಮಗ ಸಸ್ಯಶಾಸ್ತ್ರ ಓದಿದರು, ಕಾನೂನೂ ಓದಿದರು, ಎರಡರಲ್ಲೂ ನೆಟ್ಟಗೆ ಒಂದು ನೌಕರಿ ಹಿಡಿಯಲಿಲ್ಲ.

ಸಂಡೂರಿನ ಮಹಾರಾಜರು ಅವರಿಗೆ ಕೊಟ್ಟ ಕೆಲಸಗಳ ಪಟ್ಟಿ ನೋಡಿದರೆ ನಗು ಬರುತ್ತದೆ. ಶಾಲಾ ಮೇಷ್ಟ್ರು, ನ್ಯಾಯಾಧೀಶ, ಪ್ರಚಾರಾಧಿಕಾರಿ, ಮಹಾರಾಜರ ರಾಜಕೀಯ ಕಾರ್ಯದರ್ಶಿ. ಸಣ್ಣ ಸಂಸ್ಥಾನದಲ್ಲಿ ಒಬ್ಬನೇ ನಾಲ್ಕು ಟೋಪಿ ಹಾಕಬೇಕಾಗುತ್ತಿತ್ತು, ನಮ್ಮ ತಾಲ್ಲೂಕು ವರದಿಗಾರನ ಹಾಗೆ. ಉಳಿದ ಹೊತ್ತಿನಲ್ಲಿ ಕೃಷ್ಣನ್ ಗುಡ್ಡ ಅಲೆದರು. ಕುರಿ ಮೇಯಿಸಿ ನೋಡಿದರು. ಪಾರಿವಾಳದಿಂದ ಅಂಚೆ ಕಳಿಸಬಹುದಾ ಅಂತ ಪಾರಿವಾಳ ಸಾಕಿದರು. ನನಗೆ ಈ ಕುರಿ ಮೇಯಿಸಿದ ವಿಷಯ ಬಹಳ ಇಷ್ಟ. ಕುರಿಯ ಹಿಂದೆ ನಡೆಯುವವನಿಗೆ ಅವಸರ ಮಾಡಿ ಉಪಯೋಗವಿಲ್ಲ. ಕುರಿ ನಿಂತಲ್ಲಿ ನಿಲ್ಲಬೇಕು. ನಿಂತಲ್ಲಿ ಏನಿದೆಯೋ ಅದನ್ನೇ ನೋಡಬೇಕು.

1949ರಲ್ಲಿ ಸಂಡೂರು ಭಾರತದಲ್ಲಿ ವಿಲೀನವಾಯಿತು. ಕೃಷ್ಣನ್ ಮದ್ರಾಸಿಗೆ ವಾಪಸ್ ಹೋದರು. ಆಮೇಲೆ ಯಾವ ನೌಕರಿಯನ್ನೂ ಹಿಡಿಯದೆ ಬರವಣಿಗೆ ಮತ್ತು ಫೋಟೊವನ್ನೇ ನಂಬಿ ಬದುಕಿದರು. 1950ರಲ್ಲಿ ಕಲ್ಕತ್ತದ 'ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ ಹದಿನೈದು ದಿನಕ್ಕೊಂದು ಅಂಕಣ ಶುರು ಮಾಡಿದರು. 1996ರ ಫೆಬ್ರುವರಿ 18ರಂದು ತೀರಿಕೊಳ್ಳುವವರೆಗೂ ಅದನ್ನು ನಿಲ್ಲಿಸಲಿಲ್ಲ. 46 ವರ್ಷ. ಲೆಕ್ಕ ಹಾಕಿದರೆ ಸಾವಿರ ಕಂತು ದಾಟುತ್ತದೆ. ನಮ್ಮಲ್ಲಿ ಒಂದು ಅಂಕಣ ಎರಡು ವರ್ಷ ನಡೆದರೆ ಸನ್ಮಾನ ಮಾಡುತ್ತೇವೆ.

ಅಂಕಣದಲ್ಲಿ ಹುಲಿ, ಆನೆ ಇರುತ್ತಿದ್ದವು ನಿಜ. ಆನೆಯ ಬಗ್ಗೆ ಅವರಿಗೆ ಇದ್ದ ತಿಳಿವಳಿಕೆ ದೊಡ್ಡದು. ಆದರೆ ಅಷ್ಟೇ ಮರ್ಯಾದೆಯಿಂದ ಕಾಗೆ, ಅಳಿಲು, ಓತಿಕ್ಯಾತ, ಊರ ನಾಯಿ, ಮನೆ ಮುಂದಿನ ಮರದ ಬಗ್ಗೆಯೂ ಬರೆದರು. ಚಿತ್ರಗಳನ್ನೂ ತಾವೇ ಬರೆಯುತ್ತಿದ್ದರು. ಫೋಟೊ ತೆಗೆದರೆ ಕಪ್ಪು-ಬಿಳುಪಿನಲ್ಲೇ. ಬೇರೆ ಬೇರೆ ಬಿಡಿಭಾಗ ಜೋಡಿಸಿ ಮಾಡಿಕೊಂಡ ದೈತ್ಯ ಕ್ಯಾಮೆರಾಕ್ಕೆ 'ಸೂಪರ್ ಪಾಂಡರೋಸಾ' ಅಂತ ಹೆಸರಿಟ್ಟಿದ್ದರು. ಅದನ್ನು ಹೊತ್ತುಕೊಂಡು ಆನೆಯ ಹತ್ತಿರ ಹೋಗುವುದನ್ನು ನೆನೆಸಿಕೊಳ್ಳಿ. 1968ರಲ್ಲಿ ನೆಹರೂ ಫೆಲೋಶಿಪ್ ಸಿಕ್ಕಿತು. ದಕ್ಷಿಣದ ಕಾಡುಗಳ ದೊಡ್ಡ ಪ್ರಾಣಿಗಳ ಸಮೀಕ್ಷೆ ಮಾಡಿದರು. ಪದ್ಮಶ್ರೀಯೂ ಬಂತು. ಪ್ರಶಸ್ತಿಗಳ ವಿಷಯ ಇಷ್ಟು ಸಾಕು.

ಅವರ ವೃತ್ತಿಯಲ್ಲಿ ನಮಗೆ ಬೇಕಾದದ್ದು ಒಂದೇ, ಆ ಹದಿನೈದು ದಿನದ ಲಯ. ಹದಿನೈದು ದಿನಕ್ಕೊಮ್ಮೆ ಬರೆಯಲೇಬೇಕು ಎಂದಾಗ ಚಿರತೆ ಬರಲಿ ಅಂತ ಕಾಯುತ್ತಾ ಕೂರಲು ಆಗುವುದಿಲ್ಲ. ಇದ್ದದ್ದನ್ನೇ ನೋಡಬೇಕು. ಇದ್ದದ್ದನ್ನು ನೋಡುತ್ತಾ ಹೋದವನಿಗೆ, ಒಂದು ದಿನ ಅದು ಇಲ್ಲವಾದಾಗ ಮೊದಲು ಗೊತ್ತಾಗುತ್ತದೆ. ಇಲ್ಲವಾದದ್ದನ್ನು ಗುರುತಿಸುವುದೇ ಪರಿಸರ ಪತ್ರಿಕೋದ್ಯಮದ ಅತಿ ಕಷ್ಟದ ಕೆಲಸ. ಇಲ್ಲದ್ದರ ಫೋಟೊ ತೆಗೆಯಲು ಆಗಲ್ಲ ಅಲ್ವಾ?

ದಾವಣಗೆರೆಯಿಂದ ಹುಬ್ಬಳ್ಳಿ ದಾರಿ ಹಿಡಿದರೆ ಸಿಗುವ ರಾಣೆಬೆನ್ನೂರನ್ನೇ ತಗೊಳ್ಳಿ. 1974ರಲ್ಲಿ ಅಲ್ಲಿ ಕೃಷ್ಣಮೃಗ ಧಾಮವಾಯಿತು, 119 ಚದರ ಕಿಲೋಮೀಟರ್. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಮೀಟರ್ ಎತ್ತರದ, ಬಯಲಲ್ಲಿ ಗಂಭೀರವಾಗಿ ನಡೆಯುವ ಹಕ್ಕಿ. ಬಯಲು ಅಂದರೆ ಬರಡು ಅಂತ ತಿಳಿದು ಹುಲ್ಲುಗಾವಲಿನ ತುಂಬಾ ನೀಲಗಿರಿ ನೆಟ್ಟರು. ಮರ ಬಂತು, ಹಕ್ಕಿ ಹೋಯಿತು. ಹೋದದ್ದು ಯಾವ ದಿನ ಅಂತ ಯಾವ ಪೇಪರಿನಲ್ಲೂ ಸಿಗುವುದಿಲ್ಲ. ಗಿಡ ನೆಟ್ಟ ದಿನದ ಫೋಟೊ ಬೇಕಾದರೆ ಎಲ್ಲಾದರೂ ಇರಬಹುದು. ಹೊರಗಿನ ಮರಗಳನ್ನು ಎಲ್ಲೆಂದರಲ್ಲಿ ನೆಡುವುದನ್ನು ಕೃಷ್ಣನ್ ಬದುಕಿದ್ದಷ್ಟು ದಿನವೂ ಟೀಕಿಸಿದರು. ಆಗ ಅದು ಮುದುಕನ ಗೊಣಗಾಟದ ಹಾಗೆ ಕೇಳಿಸಿರಬೇಕು.

ಇನ್ನು ಚಳ್ಳಕೆರೆ. ಶೇಂಗಾ, ಕಂಬಳಿ, ಮ್ಯಾಸಬೇಡರ ದೇವರ ಎತ್ತು, ಕಾಡುಗೊಲ್ಲರ ಹಟ್ಟಿಗಳ ಸೀಮೆ. ಇಲ್ಲಿನ ಅಮೃತಮಹಲ್ ಕಾವಲುಗಳು ವಿಜಯನಗರ, ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ 2010ರ ಆಸುಪಾಸಿನಲ್ಲಿ ಸಾವಿರಾರು ಎಕರೆ ಭೂಮಿ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿಗಾಹಿಗಳಿಗೆ ವಿಷಯ ಸರಿಯಾಗಿ ಗೊತ್ತಾದದ್ದು ಗೋಡೆ ಎದ್ದಾಗ. ಮೊನ್ನೆಯವರೆಗೂ ಮೇಯಿಸಿದ ಜಾಗಕ್ಕೆ ಅಡ್ಡವಾಗಿ ಕಾಂಪೌಂಡ್. ಪ್ರಕರಣ 2013ರ ಹೊತ್ತಿಗೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದಲ್ಲಿತ್ತು.

ಇಲ್ಲಿ ಸಾಮಾನ್ಯವಾಗಿ ಬರುವ ಮಾತು, 'ಅದು ಪಾಳು ಬಿದ್ದ ಜಾಗ ಬಿಡ್ರಿ' ಅನ್ನುವುದು. ಇದು ಬರೀ ಹಳ್ಳಿಕಟ್ಟೆ ಮಾತಲ್ಲ, ಸರ್ಕಾರದ ಮಾತೂ ಹೌದು. ಕೇಂದ್ರ ಸರ್ಕಾರ 2000ದಿಂದ ದೇಶದ ಪಾಳುಭೂಮಿಗಳ ಭೂಪಟ ಪ್ರಕಟಿಸುತ್ತಿದೆ. ಕುರುಚಲು ಗಿಡ ಇರುವ ಜಾಗವೂ ಅದರಲ್ಲಿ ಪಾಳುಭೂಮಿಯ ಒಂದು ವರ್ಗ. ಆ ಲೆಕ್ಕದಲ್ಲಿ ಚಿತ್ರದುರ್ಗದ ಅರ್ಧ ಸೌಂದರ್ಯ ಪಾಳು. ಚಿಗರೆ, ತೋಳ, ನರಿ, ಕೊಂಡುಕುರಿ, ಕೌಜುಗ, ಇವೆಲ್ಲ ಬದುಕುವುದು ಇದೇ ಪಾಳಿನಲ್ಲಿ. ಮಲೆನಾಡಿನ ಕಾಡು ಕಡಿದರೆ ಬೋಳು ಗುಡ್ಡ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಯಲನ್ನು ಮುಚ್ಚಿದರೆ, ಹೊರಗಿನವರಿಗೆ ಮೊದಲೂ ಏನೂ ಕಂಡಿರಲಿಲ್ಲ, ಆಮೇಲೂ ಕಾಣುವುದಿಲ್ಲ. ಕಂಡವರು ಕುರಿ ಕಾಯುವವರು. ಅವರ ಮಾತು ಸುದ್ದಿಯಾಗಬೇಕಾದರೆ ಅವರ ಜತೆ ನಡೆಯುವ ಒಬ್ಬ ಬರಹಗಾರ ಬೇಕಿತ್ತು.

2023ರ ಏಪ್ರಿಲ್ ತಿಂಗಳು ನನಗೆ ಚೆನ್ನಾಗಿ ನೆನಪಿದೆ. 2ನೇ ತಾರೀಕು ಚಳ್ಳಕೆರೆಯ ರನ್‌ವೇ ಮೇಲೆ ಇಸ್ರೊ ತನ್ನ ರೆಕ್ಕೆಯ ಮರುಬಳಕೆ ಉಡಾವಣಾ ವಾಹನವನ್ನು ಇಳಿಸಿತು. ದೇಶದ ಪೇಪರುಗಳೆಲ್ಲ ಚಿತ್ರದುರ್ಗದ ಹೆಸರು ಬರೆದವು. ಹೆಮ್ಮೆ ನನಗೂ ಆಯಿತು, ಸುಳ್ಳು ಹೇಳಲ್ಲ. ಅದೇ ತಿಂಗಳು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆ ಯುವತಿಯೊಬ್ಬಳನ್ನು ಕೊಂದಿತು. ಆಮೇಲೆ ಆನೆ ಹಿಡಿಯುವ ಕಾರ್ಯಾಚರಣೆಯಲ್ಲಿ ವನ್ಯಜೀವಿ ವೈದ್ಯರೊಬ್ಬರು ಆನೆಯ ದಾಳಿಗೆ ಸಿಕ್ಕಿ ಗಾಯಗೊಂಡರು. ಚಾನೆಲ್ಲುಗಳು ಬಂದವು, ನಾಲ್ಕು ದಿನ ಇದ್ದವು, ಹೋದವು. ಭದ್ರಾ ಕಡೆಯ ಕಾಡು, ಆ ಕಾಡಿನ ಅಂಚಿನ ಅಡಿಕೆ ತೋಟ, ಮೆಕ್ಕೆಜೋಳದ ಹೊಲ, ಆನೆ ಬರುವ ಹಾದಿ, ಇದ್ಯಾವುದೂ ಆ ನಾಲ್ಕು ದಿನದಲ್ಲಿ ಹೇಳಿ ಮುಗಿಸುವ ಕಥೆ ಅಲ್ಲ. ಮೊದಲೇ ಯಾರಾದರೂ ಹೇಳುತ್ತಾ ಬಂದಿದ್ದರೆ ಆ ಹುಡುಗಿ ಉಳಿಯುತ್ತಿದ್ದಳು ಅಂತ ನಾನು ಹೇಳಲಾರೆ. ಆದರೆ ಆನೆ ಎಲ್ಲಿಂದಲೋ ಆಕಾಶದಿಂದ ಬಿದ್ದ ಹಾಗೆ ನಾವೆಲ್ಲ ಬೆರಗಾಗುತ್ತಿರಲಿಲ್ಲ.

ಕೃಷ್ಣನ್ ಅವರನ್ನು ಹಾಗೇ ತಂದು ನಮ್ಮ ಊರಲ್ಲಿ ನೆಡಬೇಕು ಅಂತ ನಾನು ಹೇಳುತ್ತಿಲ್ಲ. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಜತೆಗೆ ತಮಿಳಿನಲ್ಲಿ. ಸಂಡೂರಿನ ಗುಡ್ಡಗಳಲ್ಲಿ ಕಲಿತದ್ದು ಕನ್ನಡದ ಓದುಗರಿಗೆ ನೇರವಾಗಿ ಸಿಗಲೇ ಇಲ್ಲ. ಇನ್ನೊಂದು ತಕರಾರೂ ಇದೆ. ಕಾಡನ್ನು ಅದರ ಪಾಡಿಗೆ ಬಿಡಿ, ಮನುಷ್ಯರು ಕೈ ಹಾಕಬೇಡಿ ಎಂಬುದು ಅವರ ಗಟ್ಟಿ ನಿಲುವು. ದಟ್ಟ ಕಾಡಿಗೆ ಅದು ಸರಿ ಇರಬಹುದು. ನಮ್ಮ ಕಾವಲುಗಳಿಗೆ ಹೊಂದುವುದಿಲ್ಲ. ಅವು ಹುಲ್ಲುಗಾವಲಾಗಿ ಉಳಿದದ್ದೇ ದನ, ಕುರಿ ಮೇಯುತ್ತಿದ್ದವು, ಕಾಯುವ ಜನ ಇದ್ದರು, ದೇವರ ಎತ್ತಿಗೆ ಅಂತ ಬಿಟ್ಟ ಜಾಗಕ್ಕೆ ಯಾರೂ ನೇಗಿಲು ಹಾಕುತ್ತಿರಲಿಲ್ಲ ಅನ್ನುವ ಕಾರಣಕ್ಕೆ. ಇಲ್ಲಿ ಕುರಿಗಾಹಿಯನ್ನು ಬಿಟ್ಟು ತೋಳದ ಬಗ್ಗೆ ಬರೆಯಲು ಆಗುವುದಿಲ್ಲ. ತೋಳ ತಿನ್ನುವುದು ಅವನ ಕುರಿಯನ್ನೇ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಈಗ ತೋಳಕ್ಕೆಂದೇ ಧಾಮ ಬಂದಿದೆ. ಒಳ್ಳೆಯದೇ. ಆದರೆ ಧಾಮದ ಗಡಿ ತೋಳಕ್ಕೆ ಗೊತ್ತಿಲ್ಲ, ಕುರಿಗೂ ಗೊತ್ತಿಲ್ಲ.

ಈಗಿನ ಹುಡುಗರಿಗೆ ಸೂಪರ್ ಪಾಂಡರೋಸಾ ಬೇಕಿಲ್ಲ. ಕೈಯಲ್ಲಿರುವ ಫೋನೇ ಸಾಕು. ಬೇಕಾದದ್ದು ತಾರೀಕು, ಜಾಗ, ಸ್ವಂತ ಕಣ್ಣು. ಮರಾಠಿ ಕಲ್ಲಿನ ವಿಡಿಯೊ ಹೋಗಲಿ, ಈಗ ಕಂಪ್ಯೂಟರ್ ಬರೆದ ಚಿರತೆ ನಮ್ಮೂರಿನ ಬಾಗಿಲಲ್ಲೇ ಕೂತಿರುತ್ತದೆ. ಯಾವುದು ನಿಜ ಅಂತ ಹೇಳಬಲ್ಲವನು ಆ ಬಾಗಿಲ ಮುಂದೆ ದಿನಾ ಓಡಾಡುವವನು ಮಾತ್ರ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕರಡಿ ಶೇಂಗಾ ಹೊಲಕ್ಕೆ ಯಾವ ತಿಂಗಳಲ್ಲಿ ಇಳಿಯುತ್ತದೆ, ಎಲಚಿ ಹಣ್ಣು ಚೆನ್ನಾಗಿ ಬಿಟ್ಟ ವರ್ಷ ಕಡಿಮೆ ಬರುತ್ತದಾ, ದಾವಣಗೆರೆಯ ಕುಂದವಾಡ ಕೆರೆಗೆ ಈ ಸಲ ಯಾವ ಬಾತು ಬಂತು, ಯಾವುದು ಬರಲಿಲ್ಲ. ಇದನ್ನೆಲ್ಲ ಬರೆಯಲು ಪದವಿ ಬೇಡ. ಆದರೆ ದುಡ್ಡು ಬೇಕು. ಹದಿನೈದು ದಿನಕ್ಕೊಮ್ಮೆ ಅರ್ಧ ಪುಟ ಮತ್ತು ಅದಕ್ಕೆ ತಕ್ಕ ಸಂಭಾವನೆ ಕೊಡುವ ಒಂದು ಪತ್ರಿಕೆ ಬೇಕು. 1950ರಲ್ಲಿ ಕಲ್ಕತ್ತದವರು ಮದ್ರಾಸಿನ ಒಬ್ಬ ನೌಕರಿಯಿಲ್ಲದ ಮನುಷ್ಯನಿಗೆ ಅದನ್ನು ಕೊಟ್ಟರು. 46 ವರ್ಷ ಕೊಡುತ್ತಲೇ ಹೋದರು. ಕೃಷ್ಣನ್ ಬಗ್ಗೆ ಮಾತಾಡುವಾಗ ಆ ಪತ್ರಿಕೆಯ ತಾಳ್ಮೆಯನ್ನು ನಾವು ಮರೆತುಬಿಡುತ್ತೇವೆ.

ಹೋದ ವಾರ ಮತ್ತೆ ಆ ಕಗ್ಗಲಿ ಗಿಡದ ಹತ್ತಿರ ಹೋಗಿದ್ದೆ. ಹೋಟೆಲಿನ ಆ ಹುಡುಗನೂ ಬಂದಿದ್ದ, ನಂಬಿಕೆ ಇಲ್ಲದ ಮುಖ ಹೊತ್ತುಕೊಂಡು. ರಾಶಿ ಅಲ್ಲೇ ಇತ್ತು. ಮೇಲಿನ ಹಿಕ್ಕೆಯೂ ಒಣಗಿತ್ತು, ಕಪ್ಪು ಹೊಳಪು ಎಲ್ಲೂ ಇರಲಿಲ್ಲ. ಪಕ್ಕದ ಮಣ್ಣಿನಲ್ಲಿ ನಾಯಿಗಳ ಹೆಜ್ಜೆ, ಒಂದಲ್ಲ, ಮೂರ್ನಾಲ್ಕು ನಾಯಿಗಳದ್ದು. ಹುಡುಗ ಫೋಟೊ ತೆಗೆದು, ತಾರೀಕು ಬರೆದುಕೊಂಡ. "ಹೋಗೈತೇನ್ರಿ?" ಅಂದ. ನೀರು ಬತ್ತಿ ಬೇರೆ ಕಡೆ ಹೋಗಿರಬಹುದು, ನಾಯಿಗೆ ಹೆದರಿರಬಹುದು, ಸತ್ತಿರಲೂಬಹುದು. ಎರಡು ವಾರ ಬಿಟ್ಟು ಮತ್ತೆ ಬಂದು ನೋಡಬೇಕು.